ಹೆಂಟೆ

ಕಾಸರವಾಡಿಯಿಂದ ಲೋಕಲ್ ಹಿಡಿದು ಖಡಕಿಯಲ್ಲಿ ಇಳಿದು
ಗೇಟಿನಲ್ಲಿ ಮೊಬೈಲು ಒಪ್ಪಿಸಿ, ಬಳೆ ಕಳಚಿ,
ಹತ್ತಿಯ ಅಂಗಿ ತೊಟ್ಟು, ತಾಮ್ರದ ತಟ್ಟೆ ಮುಟ್ಟಿ
ಮೈಯ ಮಿಂಚನ್ನು ನೆಲಕ್ಕೆ ಬಿಟ್ಟು
ಒಳಗೆ ಹೋಗುತ್ತೇನೆ.

ಹತ್ತೊಂಬತ್ತು ವರ್ಷವಾಯಿತು.
ನನ್ನ ಮೇಜಿಗೆ ಬರುವುದು ಗುಂಡಲ್ಲ,
ಗುಂಡಿನ ತಲೆ; ಹೆಬ್ಬೆರಳಷ್ಟು ಹಿತ್ತಾಳೆ.
ಒಳಗೊಂದು ಮದ್ದಿನ ಎಳೆ.
ಅದು ಉರಿದು ಮುಗಿಯಲು ಎಷ್ಟು ಹೊತ್ತು ಎಂದು
ನೋಡುವುದು ನನ್ನ ಕೆಲಸ.
ಎಷ್ಟು ಹೊತ್ತು ಎಂದು ಹೊರಗೆ ಹೇಳುವಂತಿಲ್ಲ.
ಮನೆಯಲ್ಲಿ ಕೇಳಿದರೆ, ಹಾಲು ಉಕ್ಕುವುದಕ್ಕಿಂತ ಕಡಿಮೆ,
ಸೀನು ಬರುವುದಕ್ಕಿಂತ ಜಾಸ್ತಿ, ಅನ್ನುತ್ತೇನೆ.

ಈ ಗುಂಡಿಗೆ ಕಣ್ಣಿಲ್ಲ.
ತೋಪು ಯಾವ ಕಡೆ ಮುಖ ಮಾಡಿತ್ತೋ ಆ ಕಡೆ
ಹೋಗುತ್ತದೆ, ಅಷ್ಟೇ. ನಡುದಾರಿಯಲ್ಲಿ ನೆನಪಾಗಿ
ತಿರುಗುವುದು ಅದಕ್ಕೆ ಗೊತ್ತಿಲ್ಲ.
ಇದರ ಕಾಲ ಮುಗಿಯಿತು, ಶೆಡ್ಡಿಗೆ ಬೀಗ,
ನಮಗೆಲ್ಲ ಬೇರೆ ಇಲಾಖೆ ಎಂಬ ಸುದ್ದಿಯೂ ಇತ್ತು.

ಆಮೇಲೆ ಡ್ರೋನು ಬಂತು.
ಖಾನವಿಲ್ಕರ್ ಸಾಹೇಬರು ಕ್ಯಾಂಟೀನಿನಲ್ಲಿ
ವಡಾಪಾವಿನ ಕಾಗದದ ಮೇಲೆ ಲೆಕ್ಕ ಬರೆದರು:
ಅದರ ಬೆಲೆ ಮದುವೆ ಶೂಟಿಂಗಿನ ಕ್ಯಾಮೆರಾದಷ್ಟು.
ಬೆನ್ನು ಹತ್ತಿ ಹೊಡೆಯುವ ಕ್ಷಿಪಣಿಯ ಬೆಲೆ
ಹಿಂಜವಡಿಯಲ್ಲಿ ಫ್ಲ್ಯಾಟು.
"ನೊಣಕ್ಕೆ ಯಾರಾದರೂ ಫ್ಲ್ಯಾಟು ಎಸೆಯುತ್ತಾರೆಯೇ, ಬಾಯಿ?"
ಎಣ್ಣೆ ಇಳಿದು ಸೊನ್ನೆಗಳು ಒಂದಕ್ಕೊಂದು ಅಂಟಿಕೊಂಡವು.
ಕಣ್ಣಿಲ್ಲದ ಗುಂಡಿಗೆ ಮತ್ತೆ ಮೂರು ಪಾಳಿ.

ನೂರಾರು ಹಾರಿಸಿದರೆ ಒಂದೆರಡು ತಾಗಬಹುದು, ಎಂದರು.
ಪಕ್ಕದ ಮೇಜಿನ ಮಂದಾಕಿನಿ ಗಾಯಕವಾಡ
ಆ ಒಂದೆರಡರ ಬಗ್ಗೆ ಕೇಳಿದಳು.
ನಾನು ಉಳಿದವುಗಳ ಬಗ್ಗೆ.

ಡ್ರೋನು ಬರುವುದು ನಮ್ಮ ತಲೆಯ ಮೇಲೆ.
ಹೊಡೆಯುವುದೂ ನಮ್ಮ ತಲೆಯ ಮೇಲೆಯೇ.
ಮೇಲೆ ಹೋದದ್ದು ಇಳಿಯಲೇಬೇಕಲ್ಲ,
ಸೆಕೆಗೆ ಗಚ್ಚಿಯ ಮೇಲೆ ಮಲಗಿದವರ ಕಡೆಗೆ,
ಕರು ಹಾಕಲು ಒದ್ದಾಡುವ ಎಮ್ಮೆಯ ಕೊಟ್ಟಿಗೆಗೆ.
ಅದಕ್ಕೇ ಆ ಎಳೆ.
ತಾಗದೆ ಹೋದರೆ, ಎಣಿಸಿದ ಹೊತ್ತಿಗೆ,
ಆಕಾಶದಲ್ಲೇ ತನ್ನನ್ನು ತಾನು ಒಡೆದುಕೊಳ್ಳಬೇಕು.
ತಾಗುವ ಗುಂಡು ಬೇರೆಯವರದು.
ನಾನು ತಪ್ಪಿದ ಗುಂಡಿನ ಕಡೆಯವಳು.

ಇಂಡಿ ತಾಲೂಕು. ಜೋಳ ಹಾಲುಗಾಳು ಕಟ್ಟಿದ ದಿನ.
ಅಟ್ಟಣಿಗೆ ಏರಿ ನಿಂತ ಹುಡುಗಿ ನಾನು, ಕೈಯಲ್ಲಿ ಕವಣೆ.
ಗಿಳಿಯ ಹಿಂಡಿಗೆ ಗುರಿ ಹಿಡಿದು ಹೊಡೆದವರುಂಟೇ?
ಹಿಂಡು ಹೋಗುವ ಕಡೆ ಬೀಸುವುದು, ಕೂಗುವುದು,
ಮತ್ತೆ ಬೀಸುವುದು.
ಒಮ್ಮೆ ಬೆಣಚುಕಲ್ಲು ಬೀಸಿದೆ.
ಗಿಳಿ ಹಾರಿತು. ಬದುವಿನಾಚೆ ಸುಲಗಾಯಿ ಕೀಳುತ್ತಿದ್ದ
ಗುರುಸಿದ್ದವ್ವನ ಹುಬ್ಬು ಸೀಳಿತು.

ಅವ್ವ ಹೊಡೆಯಲಿಲ್ಲ. ಬಾವಿಯ ದಂಡೆಗೆ ಕರೆದೊಯ್ದು
ಎರೆಮಣ್ಣು ಕಲಸಿ, ಉಂಡೆ ಕಟ್ಟಿ, ಬಿಸಿಲಿಗಿಟ್ಟಳು.
"ಕಲ್ಲು ಒಗೀಬ್ಯಾಡ. ಹೆಂಟಿ ಒಗಿ.
ಹಕ್ಕಿಗೆ ಬಡದ್ರ ಬಡೀತು,
ಇಲ್ಲಾಂದ್ರ ಬಿದ್ದಲ್ಲೇ ಪುಡಿ ಆಕ್ಕೈತಿ."

ಮೊನ್ನೆ ಒಂದು ಎಳೆ ತಡವಾಗಿ ಉರಿಯಿತು.
ಇಡೀ ಲಾಟಿಗೆ ಕೆಂಪು ಚೀಟಿ ಅಂಟಿಸಿದೆ.
ಸಾಹೇಬರು ಓಡಿ ಬಂದರು: ಇನ್ನೂರರಲ್ಲಿ ಒಂದಲ್ಲವೇ?
ಮೇಲಿನಿಂದ ದಿನಕ್ಕೆ ನಾಲ್ಕು ಫೋನು, ಗಡಿಯಲ್ಲಿ ಗುಂಡಿಲ್ಲ,
ನಿಮಗೆ ಗೊತ್ತಲ್ಲ?
ಗೊತ್ತು.
ಗುರುಸಿದ್ದವ್ವನೂ ಒಬ್ಬಳೇ ಇದ್ದಳು, ಎಂದು
ಮರಾಠಿಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ
ಚೀಟಿಯ ಅಂಚನ್ನು ಉಗುರಿನಿಂದ ಒತ್ತುತ್ತ ನಿಂತೆ.

ಸಂಜೆ ಸ್ಟೇಶನ್ ಪಕ್ಕದ ಲಾನಿನಲ್ಲಿ ಯಾರದೋ ಹಳದಿ.
ಮೇಲೆ ಪುಟ್ಟ ಡ್ರೋನು, ಜೇನಿನ ಗುಂಯ್‌ಗುಡುವಿಕೆ.
ಮದುಮಗಳು ಕೈ ಬೀಸಿದಳು. ಅಜ್ಜಿಯೊಬ್ಬಳು ಸೆರಗು ಸರಿಮಾಡಿಕೊಂಡಳು.
ಪ್ಲಾಟ್‌ಫಾರ್ಮಿನ ಜನವೂ ಕತ್ತೆತ್ತಿ ನಕ್ಕರು.
ನಾನೂ ನೋಡುತ್ತಿದ್ದೆ.
ತುಟಿ ತನ್ನಷ್ಟಕ್ಕೆ ಎಣಿಸುತ್ತಿತ್ತು,
ಒಂದು, ಎರಡು, ಮೂರು...
ಮುಗಿಯುವ ಮೊದಲೇ ಲೋಕಲ್ ಬಂತು.